ರಿಸಲ್ಟೂ ಔಟ್, ಬ್ಯಾಟ್ಸ್‌ಮನ್ನೂ ಔಟ್

ಪ್ಲೇಸ್‌ಮೆಂಟ್ ಇಂಟರ್‌ವ್ಯೂ ಮುಗಿಸಿ ಬಂದ ನಮ್ಮ ಗೆಳೆಯನೊಬ್ಬ ಹಾಸ್ಟೆಲ್ ಮೆಸ್‌ನಲ್ಲಿ ಕೂತು ಹೇಳಿದ ಕಥೆ ಇದು. ಒಂದು ಬೋರ್ಡ್ ಆನ್ ಆಗ್ತಿಲ್ಲ, ತೊಂದರೆ ಎಲ್ಲಿದೆ ಅಂತ ಹೇಗೆ ಹುಡುಕ್ತೀಯ ಅನ್ನೋ ಪ್ರಶ್ನೆ. ಚೆನ್ನಾಗೇ ಶುರು ಮಾಡಿದ್ದ. ನಡುವೆ ಅವರು "ಹೌ ವುಡ್ ಯು ರೂಲ್ ಔಟ್ ದ ಪವರ್ ಸಪ್ಲೈ?" ಅಂದರು. ಇವನು 'ಔಟ್ ಅಂದ್ರೆ ಹೊರಗೆ' ಅಂದ್ಕೊಂಡು, ಪವರ್ ಸಪ್ಲೈಯನ್ನ ಹೊರಗೆ ತೆಗೆಯೋಕೆ ಯಾವ ಸ್ಕ್ರೂ ಮೊದಲು ಬಿಚ್ಚಬೇಕು ಅಂತ ವಿವರಿಸೋಕೆ ಹೊರಟ. ಅವರು ಕೇಳಿದ್ದು ಬೇರೆ: ದೋಷ ಪವರ್ ಸಪ್ಲೈನಲ್ಲಿ ಇಲ್ಲ ಅಂತ ಹೇಗೆ ಖಚಿತ ಮಾಡ್ಕೋತೀಯ ಅಂತ. ಮಲ್ಟಿಮೀಟರ್ ಇಟ್ಟು ವೋಲ್ಟೇಜ್ ನೋಡ್ತೀನಿ ಅಂದಿದ್ರೆ ಸಾಕಿತ್ತು. ಲ್ಯಾಬ್‌ನಲ್ಲಿ ಎಷ್ಟೋ ಸಲ ಅದನ್ನೇ ಮಾಡಿದ್ದ ಹುಡುಗ ಅವನು.

ಕನ್ನಡ ಮೀಡಿಯಂನಿಂದ ಬಂದ ನಮ್ಮಲ್ಲಿ ಬಹಳ ಜನ ಎಡವೋದು ಇಂಥ ಕಡೆಯೇ. ದೊಡ್ಡ ದೊಡ್ಡ ಟೆಕ್ನಿಕಲ್ ಪದಗಳು ಸಿಲಬಸ್ ಜೊತೆಗೇ ಬಂದುಬಿಡುತ್ತವೆ. ಕೈಕೊಡೋದು ಈ ಎರಡೆರಡು ಚಿಕ್ಕ ಪದಗಳ ಜೋಡಿ, ಅಂದರೆ ಫ್ರೇಸಲ್ ವರ್ಬ್. ಇದಕ್ಕೆ ಅಂತ ಸಿಗೋ ಪಿಡಿಎಫ್‌ಗಳೆಲ್ಲ ಎ, ಬಿ, ಸಿ ಕ್ರಮದಲ್ಲಿರುತ್ತವೆ. ನಾವೂ ಬಾಯಿಪಾಠ ಮಾಡೋಕೆ ನೋಡಿ 'ಬ್ರೇಕ್' ಹತ್ತಿರವೇ ಬ್ರೇಕ್ ಹಾಕಿದವರು. ಆಮೇಲೆ ಪಟ್ಟಿಯನ್ನ ಬಾಲದ ಕಡೆಯಿಂದ ಹಿಡಿದೆವು. ಒಂದೇ ಬಾಲದ ಪದ, ಉದಾಹರಣೆಗೆ 'ಔಟ್', ಇರುವುದನ್ನೆಲ್ಲ ಒಟ್ಟಿಗೆ ಬರೆದುಕೊಂಡು ನೋಡಿದಾಗ ಒಂದು ವಿಚಿತ್ರ ಕಂಡಿತು.

ಇಂಗ್ಲಿಷ್‌ನಲ್ಲಿ ನಕ್ಷತ್ರ 'ಕಮ್ ಔಟ್' ಆದರೆ ಕಾಣುತ್ತೆ. ದೀಪ 'ಗೋ ಔಟ್' ಆದರೆ ಕಾಣೋದು ನಿಲ್ಲುತ್ತೆ. ಅದೇ ಔಟ್, ಫಲ ಮಾತ್ರ ಉಲ್ಟಾ. ಇದು ಭಾಷಾಶಾಸ್ತ್ರಜ್ಞರ ತಲೆಯನ್ನೂ ತಿಂದ ವಿಷಯವೇ. ಸೂಸನ್ ಲಿಂಡ್ನರ್ ಅನ್ನುವವರು 1981ರಲ್ಲಿ 'ಔಟ್' ಮತ್ತು 'ಅಪ್' ಎರಡನ್ನೇ ಇಟ್ಟುಕೊಂಡು ಒಂದು ಇಡೀ ಪಿಎಚ್‌ಡಿ ಪ್ರಬಂಧ ಬರೆದರು. ಗುಟ್ಟು ಇರೋದು ನೋಡುವವರು ಎಲ್ಲಿ ನಿಂತಿದ್ದಾರೆ ಅನ್ನೋದರಲ್ಲಿ. ಮುಚ್ಚಿದ ಜಾಗದಿಂದ ವಸ್ತು ನಮ್ಮ ಕಡೆ ಬಂದರೂ ಔಟ್, ನಮ್ಮ ಜಾಗ ಬಿಟ್ಟು ಆಚೆ ಹೋದರೂ ಔಟ್.

ಇದೇನು ನಮಗೆ ಹೊಸದಲ್ಲ ಬಿಡಿ. "ರಿಸಲ್ಟ್ ಔಟ್ ಅಂತೆ ಕಣೋ" ಅಂತ ಗ್ರೂಪ್‌ನಲ್ಲಿ ಮೆಸೇಜ್ ಬಿದ್ದರೆ ಎದೆ ಢವ ಢವ ಅನ್ನುತ್ತೆ, "ಕೊಹ್ಲಿ ಔಟ್" ಅಂದರೆ ಟಿವಿ ಆಫ್ ಆಗುತ್ತೆ. ಎರಡನ್ನೂ ಯಾರೂ ನಮಗೆ ಕಲಿಸಿಲ್ಲ. ನಮ್ಮ 'ಹೊರಬೀಳು' ಕೂಡ ಹೀಗೇ ಅಲ್ವಾ? ಫಲಿತಾಂಶ ಹೊರಬಿತ್ತು ಅಂದರೆ ಬಂತು. ತಂಡ ಟೂರ್ನಿಯಿಂದ ಹೊರಬಿತ್ತು ಅಂದರೆ ಹೋಯ್ತು.

ಹಾಗಾಗಿ ನಾವು ಇವಕ್ಕೆ 'ಬಂತು ಔಟ್', 'ಹೋಯ್ತು ಔಟ್' ಅಂತ ಹೆಸರಿಟ್ಟೆವು. ಫೈಂಡ್ ಔಟ್, ಫಿಗರ್ ಔಟ್, ಪಾಯಿಂಟ್ ಔಟ್, ಟರ್ನ್ ಔಟ್ ಎಲ್ಲ ಮೊದಲನೆಯ ಗುಂಪು. ಗೊತ್ತಿಲ್ಲದ್ದು ಬೆಳಕಿಗೆ ಬಂತು. ಸಮ್ ಬಿಡಿಸಿ ಉತ್ತರ ತೆಗೆಯೋ 'ವರ್ಕ್ ಔಟ್' ಕೂಡ ಇಲ್ಲೇ. ಎರಡನೆಯದಕ್ಕೆ ಕನ್ನಡ ಇನ್ನೂ ಚೆನ್ನಾಗಿ ಒಗ್ಗುತ್ತೆ. ಬೇರಿಂಗ್ ವೇರ್ ಔಟ್ ಆದರೆ ಸವೆದುಹೋಯ್ತು. ಮೋಟರ್ ಬರ್ನ್ ಔಟ್ ಆದರೆ ಸುಟ್ಟುಹೋಯ್ತು. ದೀಪ ಆರಿಹೋಯ್ತು. ಡೆರಿವೇಶನ್‌ನಲ್ಲಿ ಎರಡು ಟರ್ಮ್ ಕ್ಯಾನ್ಸಲ್ ಔಟ್ ಆದರೆ ಹೊಡೆದುಹೋಯ್ತು. ಇಂಗ್ಲಿಷ್ ಬಾಲಕ್ಕೆ 'ಔಟ್' ಕಟ್ಟಿದರೆ ನಾವು 'ಹೋಗು' ಕಟ್ಟುತ್ತೇವೆ, ಅಷ್ಟೇ. ನಮ್ಮ ಗೆಳೆಯನ 'ರೂಲ್ ಔಟ್' ಕೂಡ ಈ ಗುಂಪಿನದೇ. ಹೊರಗೆ ಹೋಗಿದ್ದು ಪವರ್ ಸಪ್ಲೈ ಅಲ್ಲ, ಅದರ ಮೇಲಿದ್ದ ಅನುಮಾನ.

'ರನ್ ಔಟ್' ಹತ್ತಿರ ಸ್ವಲ್ಪ ನಿಲ್ಲಬೇಕು. (ಕ್ರಿಕೆಟ್‌ನದ್ದು ಬೇರೆ, ಅದನ್ನ ಬಿಡಿ.) ಕನ್ನಡದಲ್ಲಿ ಪೆಟ್ರೋಲ್ ಖಾಲಿಯಾಗುತ್ತೆ, ಹಾಗಾಗಿ ನಾವು "ಪೆಟ್ರೋಲ್ ಗಾಟ್ ಓವರ್" ಅಂತೀವಿ. ಇಂಗ್ಲಿಷ್‌ನಲ್ಲಿ ಪೆಟ್ರೋಲ್‌ಗೂ 'ರನ್ ಔಟ್' ಹೇಳಬಹುದು; ಆದರೆ ಹೆಚ್ಚಾಗಿ ಮನುಷ್ಯನನ್ನೇ ಮುಂದಿಟ್ಟು, 'ಆಫ್' ಸೇರಿಸಿ, "ವಿ ಹ್ಯಾವ್ ರನ್ ಔಟ್ ಆಫ್ ಪೆಟ್ರೋಲ್" ಅಂತಾರೆ. ಪ್ರೋಗ್ರಾಂ 'ರನ್ ಔಟ್ ಆಫ್ ಮೆಮೊರಿ' ಆಗಿದೆ ಅಂದರೆ ಅದು ಮೆಮೊರಿಯಿಂದ ಆಚೆ ಓಡಿಹೋಗಿಲ್ಲ, ಅದಕ್ಕೆ ಮೆಮೊರಿ ಸಾಲದೆ ಹೋಗಿದೆ.

ಎಲ್ಲವೂ ಈ ಎರಡು ಡಬ್ಬಿಗೆ ಬೀಳಲ್ಲ. ಎಕ್ಸ್‌ಪೆರಿಮೆಂಟ್ ಕ್ಯಾರಿ ಔಟ್ ಮಾಡೋದು, ಗೆಳೆಯರ ಜೊತೆ ಹ್ಯಾಂಗ್ ಔಟ್ ಮಾಡೋದು ಇಂಥವನ್ನ ಸುಮ್ಮನೆ ನೆನಪಿಟ್ಟುಕೊಳ್ಳಬೇಕು. ನಾವೂ ಹಾಗೇ ಮಾಡಿದ್ದು.

ಪದ ಜೋಡಿಸೋ ವಿಷಯ ಒಂದು ಉಳಿಯಿತು. "ಫಿಗರ್ ಔಟ್ ದ ಬಗ್", "ಫಿಗರ್ ದ ಬಗ್ ಔಟ್" ಎರಡೂ ಸರಿ. ಆದರೆ ಬಗ್ ಬದಲು 'ಇಟ್' ಬಂದರೆ ಅದು ನಡುವೆಯೇ ಕೂರಬೇಕು, "ಫಿಗರ್ ಇಟ್ ಔಟ್". 'ಫಿಗರ್ ಔಟ್ ಇಟ್' ತಪ್ಪು. 'ದೆಮ್' ಬಂದರೂ ಅಷ್ಟೇ. ಪ್ರಾಜೆಕ್ಟ್ ರಿಪೋರ್ಟ್ ಬರೆಯುವಾಗ ಇನ್ನೊಂದು ನೋಡ್ಕೊಳ್ಳಿ: ಕ್ರಿಯೆಯಾದರೆ 'ಲಾಗ್ ಔಟ್' ಎರಡು ಪದ, ಬಟನ್ ಹೆಸರಾದರೆ 'ಲಾಗ್‌ಔಟ್' ಒಂದೇ. ನಮ್ಮ ರಿಪೋರ್ಟ್‌ನಲ್ಲಿ ಗೈಡ್ ಇದಕ್ಕೆ ಕೆಂಪು ಪೆನ್ನಿನಲ್ಲಿ ಹನ್ನೊಂದು ಸುತ್ತು ಹಾಕಿದ್ದರು.