ಮಳೆಗಾಲದ ಚಪ್ಪರ ಯಾರಿಗಾಗಿ?

ಜೂನ್ ತಿಂಗಳ ಮೊದಲ ಮಳೆ ಬೀಳುವ ಮುನ್ನವೇ ಮುಂಬಯಿಯ ಹೋಟೆಲುಗಳ ಮುಂದೆ ಬಿದಿರಿನ ಗಳುಗಳೂ ನೀಲಿ ತಾಡಪತ್ರಿಗಳೂ ಕಾಣಿಸಿಕೊಳ್ಳುತ್ತವೆ. ಒಳಗೆ ಸ್ಥಳ ಸಾಲದ ಸಣ್ಣ ಹೋಟೆಲಿಗೆ ಅಂಗಳದ ನಾಲ್ಕು ಬೆಂಚುಗಳೇ ದೊಡ್ಡ ಆಧಾರ. ಅವು ನೆನೆದರೆ ಗಿರಾಕಿ ಬೇರೊಂದು ಬಾಗಿಲನ್ನು ಹುಡುಕಿಕೊಳ್ಳುತ್ತಾನೆ. ಆದುದರಿಂದ ಚಪ್ಪರವು ಅನಿವಾರ್ಯ. ಆದರೆ ಅದನ್ನು ಕಟ್ಟುವ ಕ್ರಮವನ್ನು ನಾವು ಎಷ್ಟರಮಟ್ಟಿಗೆ ಅರಿತಿದ್ದೇವೆ?

ಮೊದಲನೆಯದು ನೀರಿನ ಭಾರ. ಒಂದು ಚದರ ಮೀಟರು ಸ್ಥಳದಲ್ಲಿ 1 ಮಿಲಿಮೀಟರು ಮಳೆಯೆಂದರೆ 1 ಲೀಟರು ನೀರು. ಅದರ ತೂಕ 1 ಕಿಲೋಗ್ರಾಂ. 10 ಅಡಿ ಉದ್ದ, 10 ಅಡಿ ಅಗಲದ ಚಪ್ಪರದ ಮೇಲೆ 100 ಮಿಲಿಮೀಟರು ಮಳೆ ಸುರಿದರೆ ಸುಮಾರು 930 ಲೀಟರು ನೀರು ಬಿದ್ದಂತಾಯಿತು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 24 ಗಂಟೆಗಳಲ್ಲಿ ಬಿದ್ದ ಮಳೆ 944 ಮಿಲಿಮೀಟರು! ತಾಡಪತ್ರಿಯ ನಡುವೆ ನೀರು ನಿಂತರೆ ಯಾವ ಬಿದಿರೂ ತಾಳದು. ಆದುದರಿಂದ ಅದನ್ನು ಬಿಗಿಯಾಗಿ ಎಳೆದು, ಒಂದು ಪಕ್ಕಕ್ಕೆ ಚೆನ್ನಾಗಿ ಇಳಿಜಾರು ಕೊಟ್ಟು, ನೀರು ದಾರಿಹೋಕರ ತಲೆಯ ಮೇಲೆ ಸುರಿಯದೆ ಮೋರಿಗೆ ಹೋಗುವಂತೆ ಕೊಳವೆ ಇಡತಕ್ಕದ್ದು.

ಎರಡನೆಯದು ಗಾಳಿ. ಮುಂಗಾರು ನೈರುತ್ಯದಿಂದ ಬೀಸುವುದರಿಂದ ಪರದೆಯು ಆ ಕಡೆಗೆ ಬೇಕು. ಎದುರು ಮಗ್ಗುಲು ತೆರೆದಿರಬೇಕು. ನಾಲ್ಕೂ ಕಡೆ ಮುಚ್ಚಿ ಒಳಗೆ ಇದ್ದಿಲಿನ ಸಿಗಡಿಯನ್ನಿಟ್ಟರೆ ಬೆಂಕಿಯ ಭಯವಲ್ಲದೆ, ವಾಸನೆಯೇ ಇಲ್ಲದ ವಿಷಾನಿಲದ ಭಯವೂ ಉಂಟು.

ಮೂರನೆಯದು ಕಾನೂನು. ಮಳೆಗಾಲದ ತಾತ್ಕಾಲಿಕ ಚಪ್ಪರಕ್ಕೆ ಮಹಾನಗರಪಾಲಿಕೆಯ ವಾರ್ಡು ಕಚೇರಿಯಿಂದ ಅನುಮತಿ ಪಡೆಯಬೇಕು. ರಸ್ತೆಗೆ ಅಡ್ಡವಾದುದನ್ನು ಮುನ್ಸೂಚನೆಯಿಲ್ಲದೆ ತೆಗೆಯಿಸುವ ಅಧಿಕಾರವು 1888ರ ಶಾಸನದ 314ನೆಯ ಕಲಮಿನಂತೆ ಆಯುಕ್ತರಿಗಿದೆ.

ಇವೆಲ್ಲವನ್ನೂ ಬಲ್ಲ ನಾನು ನಾಲ್ಕನೆಯದೊಂದನ್ನು ಮರೆತಿದ್ದೆ. ಹೋಟೆಲು ನಡೆಸುತ್ತಿದ್ದ ಕಾಲದ ಒಂದು ಮಳೆಗಾಲದಲ್ಲಿ ಬೆಂಚುಗಳ ಮೇಲೆ ಮಾತ್ರ ತಾಡಪತ್ರಿ ಕಟ್ಟಿಸಿ, ಬಾಗಿಲಿನಿಂದ ಬೆಂಚಿನವರೆಗಿನ ಎಂಟು ಹೆಜ್ಜೆಯ ದಾರಿಯನ್ನು ಬಯಲಿಗೇ ಬಿಟ್ಟೆ. ಒಂದು ಸಂಜೆ ಚಹಾ ಒಯ್ಯುತ್ತಿದ್ದ ಹುಡುಗ ಆ ದಾರಿಯಲ್ಲಿ ಜಾರಿಬಿದ್ದು ಮುಂಗೈ ಸುಟ್ಟುಕೊಂಡ. ಗಿರಾಕಿಯ ಅಂಗಿ ನೆನೆದಿರಲಿಲ್ಲ. ನಾನು ಉಳಿಸಿದ್ದು ಕೆಲವು ಮೊಳ ತಾಡಪತ್ರಿ. ತೆತ್ತವನು ಆ ಹುಡುಗ. "ನನ್ನದೇ ತಪ್ಪು, ಸ್ವಾಮಿ, ಅವಸರ ಮಾಡಿದೆ" ಎಂದು ಅವನೇ ಅಂದಾಗ ನಾನು ತಲೆಯೆತ್ತಲಾರದೆ ಹೋದೆ.

ಮಾಲಿಕರು ಮೊದಲು ಆ ಎಂಟು ಹೆಜ್ಜೆಗಳಿಗೆ ಮಾಡು ಹೊದಿಸಲಿ. ನೆಲಕ್ಕೆ ಹಾಸಿದ ಗೋಣಿಚೀಲವನ್ನು ನೆನೆದೊಡನೆ ಬದಲಿಸಲಿ. ದಿನವಿಡೀ ನೀರಿನಲ್ಲಿ ನಿಲ್ಲುವವರ ಕಾಲ್ಬೆರಳುಗಳಲ್ಲಿ ಕೆಸರುಹುಣ್ಣು ಏಳುವುದೆಂಬುದನ್ನು ನೆನೆದು, ಅವರಿಗೆ ಒಣಬಟ್ಟೆಯನ್ನೂ ಕಾಲು ಒರಸಿಕೊಳ್ಳಲು ಬಿಡುವನ್ನೂ ಕೊಡಲಿ. ಆಫೀಸಿನಿಂದ ಬರುವ ಗುಮಾಸ್ತ ಬಂಧುಗಳು ಕೊಡೆಯನ್ನು ಹೊರಗೇ ಕೊಡವಿ ಒಳಗೆ ಬರಲಿ. ಅದರಿಂದ ತೊಟ್ಟಿಕ್ಕುವ ನೀರಿನ ಮೇಲೆಯೇ ಅವರ ಚಹಾ ಬರಬೇಕಾಗಿದೆ.

ಕುಳಿತವನಿಗೆ ಮಾತ್ರ ನೆರಳಾಗಿ, ನಡೆಯುವವನನ್ನು ನೆನೆಯಿಸುವ ಚಪ್ಪರವು ಅರ್ಧ ಚಪ್ಪರವೇ ಸರಿ.