ನಿಮಗಿದು ಗೊತ್ತೆ? ಕೆಸರಿಗೂ ನೆನಪಿನ ಶಕ್ತಿ!
ಒಣಗುವ ಮುನ್ನ ತನ್ನನ್ನು ಯಾವ ಕಡೆ ಅಲುಗಾಡಿಸಿದ್ದರು ಎಂಬುದನ್ನು ಗಟ್ಟಿ ಕೆಸರು ಮರೆಯುವುದಿಲ್ಲ! ಜಪಾನಿನ ಭೌತವಿಜ್ಞಾನಿ ಅಕಿಯೊ ನಕಾಹರ ಮತ್ತು ಸಂಗಡಿಗರು ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿಯನ್ನು ನೀರಲ್ಲಿ ಕಲಸಿ, ತಟ್ಟೆಗೆ ಸುರಿದು, ಸ್ವಲ್ಪ ಹೊತ್ತು ಹಿಂದೆ ಮುಂದೆ ಅಲುಗಾಡಿಸಿ ಬಿಟ್ಟರು. ಒಣಗಿದಾಗ ಬಿರುಕುಗಳು ಚೆಲ್ಲಾಪಿಲ್ಲಿಯಾಗಲಿಲ್ಲ. ಅಲುಗಾಡಿಸಿದ ದಿಕ್ಕಿಗೆ ಅಡ್ಡಲಾಗಿ, ಗೆರೆ ಎಳೆದಂತೆ ಸಾಲಾಗಿ ಮೂಡಿದವು. ಮಿಶ್ರಣ ತೀರಾ ನೀರಾಗಿದ್ದರೆ ಮಾತ್ರ ಈ ನೆನಪು ಉಳಿಯದು.

ಹರಿಹರ ತಾಲ್ಲೂಕಿನ ಕಡರನಾಯಕನಹಳ್ಳಿ ಕಡೆ ಬೇಸಿಗೆಯಲ್ಲಿ ನೀರಿಲ್ಲದೆ ಬಿರುಕು ಬಿಟ್ಟ ಗದ್ದೆ ಸಿಕ್ಕರೆ ಬದುವಿನ ಮೇಲೆ ಕೂತು ನೋಡಿ. ಅಲ್ಲಿ ಇನ್ನೊಂದು ಲೆಕ್ಕ ಕಾಣುತ್ತದೆ: ಕೆಸರಿನ ಪದರ ತೆಳುವಾಗಿದ್ದಲ್ಲಿ ಚೂರುಗಳು ಚಿಕ್ಕವು, ದಪ್ಪವಾಗಿದ್ದಲ್ಲಿ ಹೆಂಟೆಗಳು ದೊಡ್ಡವು.