ಕೂಡುವ ಗುಂಪು, ಒಡೆಯುವ ಮಾತು

ಬೀದಿಯಲ್ಲಿ ಹೋಗುವವನೊಬ್ಬನು ಪರಿಚಿತರನ್ನು ಕಂಡು ಜೊತೆಗೂಡುವುದೂ, ಮೂವರ ಗುಂಪಿನಿಂದ ಒಬ್ಬನು ತನ್ನ ಕೆಲಸ ನೆನೆದು ಕಳಚಿಕೊಳ್ಳುವುದೂ ಅವರವರ ಇಚ್ಛೆಗೆ ಸೇರಿದ ಸಂಗತಿಗಳಾಗಿರುವುದರಿಂದ, ಇಲ್ಲಿ ಗಣಿತಕ್ಕೇನು ಕೆಲಸವೆಂದು ಕೇಳುವವನನ್ನು ಅವಿವೇಕಿಯೆನ್ನಲಾಗದು. ಆದರೆ ಅಮೆರಿಕದ ಆರೆಗನ್ ಸಂಸ್ಥಾನದ ಯೂಜೀನ್ ಪಟ್ಟಣದಲ್ಲಿ, ವಸಂತಕಾಲದ ಬೆಳಗಿನ ಹೊತ್ತು ನಡೆದುಹೋಗುತ್ತಿದ್ದ ಪಾದಚಾರಿಗಳನ್ನು ಕುರಿತು ಸಮಾಜಶಾಸ್ತ್ರಜ್ಞನಾದ ಜಾನ್ ಜೇಮ್ಸ್ ಕಳೆದ ಶತಮಾನದ ನಡುಗಾಲದಲ್ಲಿ ಸಂಗ್ರಹಿಸಿದ ಎಣಿಕೆಯು ಈ ಸಂದೇಹವನ್ನು ಬಹುಮಟ್ಟಿಗೆ ಪರಿಹರಿಸತಕ್ಕದ್ದಾಗಿದೆ. ಒಂಟಿಯಾಗಿ ನಡೆಯುತ್ತಿದ್ದವರು 1,486; ಜೋಡಿಗಳು 694; ಮೂವರ ಗುಂಪುಗಳು 195; ನಾಲ್ವರವು 37; ಐವರವು 10; ಆರು ಮಂದಿಯದು ಒಂದೇ ಒಂದು.

1961ರಲ್ಲಿ ಜೇಮ್ಸ್ ಕೋಲ್‌ಮನ್ ಎಂಬ ವಿದ್ವಾಂಸನು ಈ ಜಾನ್ ಜೇಮ್ಸನೊಡನೆ ಕೂಡಿ ಬರೆದ ಪ್ರಬಂಧದಲ್ಲಿರುವ ಊಹೆಗಳು ಎರಡೇ. ಗುಂಪಿನ ಪ್ರತಿಯೊಬ್ಬ ಸದಸ್ಯನಿಗೂ ಅದನ್ನು ಬಿಟ್ಟುಹೋಗುವ ಸಂಭವವು ಸಮಾನವಾದುದು, ಆದಕಾರಣ ನಾಲ್ವರ ಗುಂಪು ಒಬ್ಬನನ್ನು ಕಳೆದುಕೊಳ್ಳುವ ಸಂಭವವು ಇಬ್ಬರ ಗುಂಪಿನದಕ್ಕಿಂತ ಇಮ್ಮಡಿ. ಒಂಟಿಯಾದವನಾದರೋ ಗುಂಪನ್ನು ಸೇರುವಾಗ ಅದರ ಗಾತ್ರವನ್ನು ಲೆಕ್ಕಿಸನು. ಸೇರುವವರೂ ಅಗಲುವವರೂ ಸರಿಸಮನಾಗಿ ಸಮತೋಲವು ನೆಲೆಗೊಂಡಾಗ, ಒಂಟಿಗಳ ಸಂಖ್ಯೆಯನ್ನು ಒಂದು ಸ್ಥಿರಾಂಕದಿಂದ ಗುಣಿಸಿ ಎರಡರಿಂದ ಭಾಗಿಸಿದರೆ ಜೋಡಿಗಳೂ, ಜೋಡಿಗಳನ್ನು ಅದೇ ಸ್ಥಿರಾಂಕದಿಂದ ಗುಣಿಸಿ ಮೂರರಿಂದ ಭಾಗಿಸಿದರೆ ಮೂವರ ಗುಂಪುಗಳೂ ದೊರೆಯುತ್ತವೆ, ಮುಂದೆಯೂ ಹೀಗೆಯೇ. ಆ ಸ್ಥಿರಾಂಕವನ್ನು 0.89 ಎಂದಿಟ್ಟುಕೊಂಡು ಯೂಜೀನಿನ ಒಟ್ಟು ಗುಂಪುಗಳನ್ನು ಹಂಚಿದರೆ ಕ್ರಮವಾಗಿ ಸುಮಾರು 1,500, 670, 199, 44, 8 ಮತ್ತು 1 ಬರುತ್ತವೆ. ಇದು ಫ್ರೆಂಚ್ ಗಣಿತಜ್ಞ ಪ್ವಾಸೋನನ ಹೆಸರಿನ ಸಂಭವ ವಿತರಣೆಯೇ ಸರಿ, ಸೊನ್ನೆಯನ್ನು ಮಾತ್ರ ಕೈಬಿಟ್ಟದ್ದು. ಏಕೆಂದರೆ ಯಾರೂ ಇಲ್ಲದ ಗುಂಪನ್ನು ಎಣಿಸುವವನಾರು!

ಲೆಕ್ಕವು ಕೂಡಿಬಂದ ಮಾತ್ರಕ್ಕೆ ಊಹೆಯು ಸಿದ್ಧವಾಯಿತೆಂದು ಬಗೆಯಲಾಗದು. ಸೇರುವಿಕೆ, ಅಗಲುವಿಕೆ ಎಂಬುದೊಂದೂ ಇಲ್ಲದೆ, ಅಂಗಳದ ಚೌಕಗಳ ಮೇಲೆ ಕಾಳು ಎರಚುವಂತೆ ಜನರನ್ನು ಮನಬಂದಂತೆ ಚೆಲ್ಲಿದರೂ ಇದೇ ವಿತರಣೆಯು ದೊರೆಯಬಲ್ಲದು. ಅದಕ್ಕಿಂತಲೂ ದೊಡ್ಡ ಕೊರತೆ ಇನ್ನೊಂದಿದೆ. ಈ ಮಾದರಿಯಲ್ಲಿ ಜನರು ಒಬ್ಬೊಬ್ಬರಾಗಿ ಉದುರಿಹೋಗುತ್ತಾರೆಯೇ ಹೊರತು, ಆರು ಮಂದಿಯ ಗೋಷ್ಠಿಯು ಯಾರೂ ಎದ್ದುಹೋಗದೆಯೇ ಮೂವರ ಎರಡು ಗೋಷ್ಠಿಗಳಾಗಿ ಒಡೆಯುವುದಕ್ಕೆ ಅದರಲ್ಲಿ ಎಡೆಯೇ ಇಲ್ಲ; ಮಾತಿನ ಗುಂಪಿನ ಮುಖ್ಯ ಲಕ್ಷಣವೋ ಅದೇ ಆಗಿದೆ.

ಸಹಜವಾಗಿ ಕೂಡಿದ ಸಂಭಾಷಣೆಗಳಲ್ಲಿ ನಾಲ್ವರಿಗಿಂತ ಹೆಚ್ಚು ಮಂದಿ ಇರುವುದು ವಿರಳವೆಂದು ರಾಬಿನ್ ಡನ್‌ಬಾರ್ ಮತ್ತು ಅವರ ಸಹೋದ್ಯೋಗಿಗಳು 1995ರಲ್ಲಿ ತಿಳಿಸಿದರು. (ಒಬ್ಬರು ನುಡಿದು ಮಿಕ್ಕವರು ಆಲಿಸುವ ಹರಿಕಥೆಯನ್ನು ಇಲ್ಲಿಗೆ ಎಳೆದು ತರಬಾರದು.) ನಾಲ್ಕೇ ಏಕೆಂಬುದಕ್ಕೆ ಜೇಮಿ ಕ್ರೆಮ್ಸ್ ಮತ್ತು ಜೇಸನ್ ವಿಲ್ಕ್ಸ್ 2019ರಲ್ಲಿ ಸೂಚಿಸಿದ ಕಾರಣವು ಶಾಲಾಬಾಲಕನಿಗೂ ನಿಲುಕತಕ್ಕದ್ದು. ನಾಲ್ವರಿರುವಲ್ಲಿ ಒಟ್ಟು ಆರು ಜೋಡಿಗಳು. ಅವುಗಳಲ್ಲಿ ಮೂರರಲ್ಲಿ ನಾನಿದ್ದೇನೆ, ಮೂರರಲ್ಲಿ ಇಲ್ಲ. ಐದನೆಯವರು ಬಂದೊಡನೆ ಜೋಡಿಗಳು ಹತ್ತಾಗಿ, ನಾನಿರುವವು ನಾಲ್ಕು, ನಾನಿಲ್ಲದವು ಆರು. ಎಂದರೆ ನನ್ನನ್ನು ಬಿಟ್ಟು ನಡೆಯಬಹುದಾದ ಮಾತೇ ಅಧಿಕವಾಯಿತು, ಅದನ್ನು ನನ್ನತ್ತ ತಿರುಗಿಸಿಕೊಳ್ಳುವ ಶಕ್ತಿಯೂ ಅಷ್ಟರಮಟ್ಟಿಗೆ ಕುಗ್ಗಿತು. ಸದ್ದು, ದೂರ, ಮರೆವು ಮೊದಲಾದ ಕಾರಣಗಳನ್ನು ಅಲ್ಲಗಳೆಯಲಾಗದಾದರೂ, ಇಷ್ಟು ಮಿತವಾದ ಸಾಮಗ್ರಿಯಿಂದ ನಾಲ್ಕೆಂಬ ಎಲ್ಲೆಯನ್ನು ತೋರಿಸಿಕೊಟ್ಟ ವಾದವು ನನಗೆ ಹೆಚ್ಚು ಹಿಡಿಸಿದೆ.

ಓದುಗರು ಸಂತೆಯ ದಾರಿಯಲ್ಲೋ ಜಾತ್ರೆಯ ಬೀದಿಯಲ್ಲೋ ನಿಂತು ಕೋಲ್‌ಮನ್ನನ ನಿಯಮವನ್ನು ಸ್ವತಃ ಪರೀಕ್ಷಿಸಬಹುದು: ಜೋಡಿಗಳ ಎರಡರಷ್ಟನ್ನು ಒಂಟಿಗಳಿಂದಲೂ, ಮೂವರ ಗುಂಪುಗಳ ಮೂರರಷ್ಟನ್ನು ಜೋಡಿಗಳಿಂದಲೂ ಭಾಗಿಸಿ, ಎರಡು ಫಲಗಳೂ ಹತ್ತಿರ ಹತ್ತಿರ ಬರುವುವೇ ಎಂದು ನೋಡಬೇಕು. ಯೂಜೀನಿನಲ್ಲಿ ಅವು 0.93 ಮತ್ತು 0.84 ಆಗಿದ್ದವು.